ಕೊಳವೆಯಲ್ಲಿ ಸೆರೆಯಾದ ಗಾಳಿ

ಬ್ರಿಟನ್ನಿನಂಥ ಚಳಿನಾಡುಗಳಲ್ಲಿ ಮನೆಯನ್ನು ಬೆಚ್ಚಗಿಡುವ ಕೆಲಸವನ್ನು ಬಹುಮಟ್ಟಿಗೆ ನೀರಿಗೆ ವಹಿಸಿಕೊಟ್ಟಿದ್ದಾರೆ. ಅಡಿಗೆಮನೆಯ ಗೋಡೆಯ ಮೇಲೊಂದು ಬಾಯ್ಲರು. ಅದರಲ್ಲಿ ಅನಿಲವು ಉರಿದು ನೀರು ಕಾಯುತ್ತದೆ. ಸಣ್ಣದೊಂದು ವಿದ್ಯುತ್ ಪಂಪು ಆ ನೀರನ್ನು ಕೋಣೆಕೋಣೆಗೂ ತಳ್ಳುತ್ತದೆ. ಕಿಟಕಿಯ ಕೆಳಗೆ ನಿಲ್ಲಿಸಿರುವ ಉಕ್ಕಿನ ಚಪ್ಪಟೆ ಪೆಟ್ಟಿಗೆಯೊಳಕ್ಕೆ ಹೊಕ್ಕ ನೀರು ತನ್ನ ಶಾಖವನ್ನು ಕೋಣೆಗೆ ಕೊಟ್ಟು, ತಣಿದು, ಮತ್ತೆ ಬಾಯ್ಲರಿಗೆ ಹಿಂದಿರುಗುತ್ತದೆ. ಈ ಪೆಟ್ಟಿಗೆಗೆ ರೇಡಿಯೇಟರು ಎಂದು ಹೆಸರು. ಹೆಸರೇನೋ ಅಷ್ಟು ಸರಿಯಲ್ಲ. ಅದು ಕೊಡುವ ಶಾಖದಲ್ಲಿ ಹೆಚ್ಚಿನ ಪಾಲು ವಿಕಿರಣದಿಂದಲ್ಲ, ಕೋಣೆಯ ಗಾಳಿಯ ಸಂವಹನದಿಂದ ಹರಡತಕ್ಕದ್ದು. ಇಡೀ ಏರ್ಪಾಡಿಗೆ ಕೇಂದ್ರ ತಾಪನವೆನ್ನುತ್ತಾರೆ.

ಬೇಸಗೆಯುದ್ದಕ್ಕೂ ಸುಮ್ಮನಿದ್ದ ಈ ಏರ್ಪಾಡನ್ನು ಅಕ್ಟೋಬರ್ ತಿಂಗಳ ಸುಮಾರಿಗೆ ಮತ್ತೆ ನಡೆಯಿಸಿದಾಗ ಅನೇಕ ಮನೆಗಳಲ್ಲಿ ಒಂದು ವಿಚಿತ್ರವು ಕಂಡುಬರುತ್ತದೆ. ರೇಡಿಯೇಟರಿನ ಕೆಳಭಾಗವು ಕೈಯಿಡಲಾರದಷ್ಟು ಬಿಸಿ. ಮೇಲ್ಭಾಗವು ಮಾತ್ರ ತಣ್ಣಗೆ. ಒಳಗಿನಿಂದ ಗುಳುಗುಳು ಸದ್ದು. ಮನೆಯವರು ಒಂದು ಪುಟ್ಟ ಕೀಲಿಕೈಯನ್ನು ಹುಡುಕಿ ತಂದು, ರೇಡಿಯೇಟರಿನ ಮೇಲ್ಮೂಲೆಯಲ್ಲಿರುವ ತಿರುಪನ್ನು ಕಾಲು ಸುತ್ತು ಸಡಿಲಿಸುತ್ತಾರೆ. ಬುಸ್ಸೆಂದು ಗಾಳಿ ಹೊರಬರುತ್ತದೆ. ಅದರ ಹಿಂದೆಯೇ ನಾಲ್ಕು ಹನಿ ಕಪ್ಪು ನೀರು. ತಿರುಪನ್ನು ಬಿಗಿಮಾಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲರ ಭಾವನೆ. ಮುಗಿಯಲಿಲ್ಲವೆಂಬುದೇ ನಮ್ಮ ವಾದ. ಗಾಳಿಯನ್ನು ಹೊರಗೆ ಬಿಡುವುದು ಎಷ್ಟು ಸುಲಭವೋ, ಅದು ಎಲ್ಲಿಂದ ಬಂತೆಂದು ಕೇಳುವುದು ಅಷ್ಟೇ ಅಪರೂಪವಾಗಿದೆ. ಮುಚ್ಚಿದ ಕೊಳವೆಗಳೊಳಕ್ಕೆ ಗಾಳಿಯು ಬರಬೇಕಾದರೆ ಅದಕ್ಕೊಂದು ದಾರಿಯಿರಬೇಕು. ಇಲ್ಲವಾದರೆ ಅದು ಅಲ್ಲಿಯೇ ಹುಟ್ಟಿರಬೇಕು. ಎರಡರಲ್ಲಿ ಯಾವುದು ನಡೆದಿದೆಯೆಂಬುದನ್ನು ತಿಳಿಯದೆ ವರ್ಷವರ್ಷವೂ, ತಿಂಗಳು ತಿಂಗಳೂ ತಿರುಪು ತಿರುಗಿಸುತ್ತ ಹೋಗುವುದು ಜ್ವರದ ಕಾರಣವನ್ನು ವಿಚಾರಿಸದೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿರುವಂತೆಯೇ ಸರಿ.

ಕಾವೇರಿಯ ಬಯಲಿನಲ್ಲಿರುವ ನಮಗೆ ಈ ಚರ್ಚೆಯೇಕೆಂದು ಕೇಳುವವರುಂಟು. ನಮ್ಮ ಕಾಲೇಜುಗಳಿಂದ ಹೆಚ್ಚಿನ ವ್ಯಾಸಂಗಕ್ಕಾಗಿ ಆ ನಾಡುಗಳಿಗೆ ಹೋಗಿ ಬಾಡಿಗೆ ಮನೆಗಳಲ್ಲಿ ಇಳಿದುಕೊಳ್ಳುವ ತರುಣ ತರುಣಿಯರು ಪ್ರತಿ ವರ್ಷವೂ ಇದ್ದಾರೆ. ಮೊದಲ ಚಳಿಗಾಲದಲ್ಲಿಯೇ ಅವರಿಗೆ ಈ ಪೆಟ್ಟಿಗೆಯ ಪರಿಚಯವಾಗುತ್ತದೆ. ಹೊರಡುವ ಮೊದಲೇ ಅವರು ಕಲಿತಿರುವ ಭೌತವಿಜ್ಞಾನ ರಸಾಯನವಿಜ್ಞಾನಗಳು ಇದನ್ನು ಅರಿಯುವುದಕ್ಕೆ ಧಾರಾಳವಾಗಿ ಸಾಕು. ಊರು ಬಿಡದವರ ಮನೆಯ ತಾರಸಿಯ ಮೇಲೂ ಇದೇ ಗಾಳಿ ಇದೇ ಕಾಟವನ್ನು ಕೊಡುವುದುಂಟು. ಆ ವಿಷಯಕ್ಕೆ ಮುಂದೆ ಬರುವೆವು.

ನೀರಿನ ಮೂಲಕ ಶಾಖವನ್ನು ಹಂಚುವ ಯೋಚನೆ ಹೊಸದಲ್ಲ. ೧೭೭೭ರಲ್ಲಿ ಫ್ರಾನ್ಸಿನ ಬೊನ್ಮೆಯ್ನ್ ಎಂಬಾತನು ಕೋಳಿಮೊಟ್ಟೆಗಳಿಗೆ ಕಾವು ಕೊಡುವುದಕ್ಕೆ ಬಿಸಿನೀರಿನ ಕೊಳವೆಗಳನ್ನು ಬಳಸಿದನು. ೧೮೩೧ರಲ್ಲಿ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಲಂಡನ್ನಿನಲ್ಲಿ ಹೆಚ್ಚು ಒತ್ತಡದ ಬಿಸಿನೀರಿನ ಏರ್ಪಾಡಿಗೆ ಪೇಟೆಂಟು ಪಡೆದನು. ಆದರೂ ಸಾಮಾನ್ಯರ ಮನೆಗೆ ಇದು ತಡವಾಗಿಯೇ ಬಂದಿತು. ೧೯೭೦ರಲ್ಲಿ ಕೂಡ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಕೇಂದ್ರ ತಾಪನವಿರಲಿಲ್ಲ. ೧೯೬೭ರಿಂದ ೧೯೭೭ರವರೆಗೆ ಆ ದೇಶದ ಒಲೆಗಳನ್ನೆಲ್ಲ ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಮಾರ್ಪಡಿಸಿದರು. ಕಲ್ಲಿದ್ದಲಿನ ಅಗ್ಗಿಷ್ಟಿಕೆ ಹೋಗಿ ರೇಡಿಯೇಟರು ನೆಲೆಯೂರಿದುದು ಆ ಕಾಲದಲ್ಲಿಯೇ.

ಇನ್ನು ಗಾಳಿಯಿಂದಾಗುವ ತೊಂದರೆಯನ್ನು ನೋಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿಯಷ್ಟು ತಣಿದಾಗ ಕೊಡುವ ಶಾಖವು, ಅಷ್ಟೇ ಗಾತ್ರದ ಗಾಳಿಯು ಒಂದು ಡಿಗ್ರಿ ತಣಿದಾಗ ಕೊಡುವ ಶಾಖದ ಸುಮಾರು ಮೂರೂವರೆ ಸಾವಿರ ಪಟ್ಟು. ಆದ ಕಾರಣ ರೇಡಿಯೇಟರಿನ ಮೇಲಿನ ಮೂರರಲ್ಲೊಂದು ಭಾಗವನ್ನು ಗಾಳಿಯು ಆಕ್ರಮಿಸಿತೆಂದರೆ ಆ ಭಾಗದ ಉಕ್ಕು ಇದ್ದೂ ಇಲ್ಲದಂತೆ. ಕೊಳವೆಯಲ್ಲಿ ನೀರು ರಭಸದಿಂದ ಹರಿಯುವಾಗ ಗುಳ್ಳೆಗಳನ್ನು ತನ್ನೊಡನೆ ಸೆಳೆದುಕೊಂಡು ಹೋಗಬಲ್ಲುದು; ಅಗಲವಾದ ರೇಡಿಯೇಟರಿಗೆ ಬಂದಾಗ ವೇಗ ಕುಗ್ಗುತ್ತದೆ, ಗುಳ್ಳೆಗಳು ಮೇಲಕ್ಕೇರಿ ಅಲ್ಲಿಯೇ ಕೂಡಿಕೊಳ್ಳುತ್ತವೆ. ಅನಿಲವು ಹಗುರ, ಮೇಲಕ್ಕೇರುತ್ತದೆ. ಆದುದರಿಂದಲೇ ತೊಂದರೆಯು ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲಿ ಮೊದಲು ಕಾಣುವುದು.

ಗಾಳಿಯು ರೇಡಿಯೇಟರಿನಲ್ಲಿ ಸೇರುವುದಕ್ಕಿಂತ ಕೊಳವೆಯ ಗೂನಿನಲ್ಲಿ ಸೇರುವುದು ಇನ್ನೂ ಕೆಟ್ಟದ್ದು. ಕೊಳವೆಯು ಒಂದೆಡೆ ಏರಿ ಮತ್ತೆ ಇಳಿದಿದೆಯೆಂದುಕೊಳ್ಳಿ. ಏರುವ ಕಾಲಿನಲ್ಲಿ ನೀರು, ಇಳಿಯುವ ಕಾಲಿನಲ್ಲಿ ಗಾಳಿ. ಎರಡೂ ಕಾಲುಗಳಲ್ಲಿ ನೀರಿದ್ದಿದ್ದರೆ ಒಂದರ ಭಾರವನ್ನು ಇನ್ನೊಂದು ಸರಿದೂಗಿಸುತ್ತಿತ್ತು. ಈಗ ದೂಗಿಸುವ ನೀರಿಲ್ಲ. ಗಾಳಿಯ ಕಂಬವು ಒಂದು ಮೀಟರ್ ಎತ್ತರವಿದ್ದರೆ ಒಂದು ಮೀಟರ್ ನೀರಿನ ಭಾರವನ್ನು ಹೆಚ್ಚಾಗಿ ಎತ್ತಬೇಕಾಗುತ್ತದೆ. ಇಂಥ ಗೂನುಗಳು ಮೂರಿದ್ದರೆ ಮೂರೂ ಕೂಡಿಕೊಳ್ಳುತ್ತವೆ. ತೋಟದ ದೂರದ ಮೂಲೆಗೆ ಕೊಳವೆಯಲ್ಲಿ ನೀರು ಹಾಯಿಸುವ ನಮ್ಮ ರೈತರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಪೈಪಿನಲ್ಲಿ ಗಾಳಿ ಹಿಡಿದಿದೆಯೆಂದು ಅವರು ಹೇಳುವುದು ಇದನ್ನೇ. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿಯನ್ನು ತರುವಂಥ ದೊಡ್ಡ ಕೊಳವೆಮಾರ್ಗಗಳಲ್ಲಿ ಎತ್ತರದ ಸ್ಥಳಗಳಲ್ಲೆಲ್ಲ ಗಾಳಿ ಬಿಡುವ ವಾಲ್ವುಗಳನ್ನು ಇಡುವುದೂ ಇದಕ್ಕಾಗಿಯೇ.

ಪಂಪಿಲ್ಲದೆ, ಬಿಸಿನೀರಿನ ಹಗುರತನ ಒಂದರಿಂದಲೇ ನೀರು ಸುತ್ತುವ ಏರ್ಪಾಡುಗಳಲ್ಲಿ ಈ ಲೆಕ್ಕವು ಬಹಳ ಬಿಗಿಯಾಗುತ್ತದೆ. ಹಿಂದಿನ ಕಾಲದ ತಾಪನವೆಲ್ಲ ಹೀಗೆಯೇ ನಡೆಯುತ್ತಿತ್ತು. ೮೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ನೀರಿನ ತೂಕ ಸುಮಾರು ೯೭೨ ಕಿಲೋಗ್ರಾಂ, ೬೦ ಡಿಗ್ರಿಯಲ್ಲಿ ೯೮೩. ಏರುವ ಕೊಳವೆಯೂ ಇಳಿಯುವ ಕೊಳವೆಯೂ ಐದು ಮೀಟರ್ ಎತ್ತರವಿದ್ದರೆ ನೀರನ್ನು ತಳ್ಳುವ ಒತ್ತಡವು ಆರು ಸೆಂಟಿಮೀಟರ್ ನೀರಿನ ಕಂಬಕ್ಕೂ ಕಡಿಮೆಯೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಮನೆಯನ್ನೆಲ್ಲ ಬೆಚ್ಚಗಿಡುವ ಪ್ರವಾಹಕ್ಕೆ ಆಧಾರ ಇಷ್ಟೇ. ಅಂಗೈಯಗಲದ ಗಾಳಿಯೊಂದು ಅದನ್ನು ನಿಲ್ಲಿಸಿಬಿಡಬಲ್ಲುದು.

ಬೆಂಗಳೂರು ಮೈಸೂರುಗಳ ತಾರಸಿಗಳ ಮೇಲೆ ಸಾಲುಗಟ್ಟಿ ನಿಂತಿರುವ ಸೌರ ಜಲತಾಪಕಗಳಲ್ಲಿ, ಅವುಗಳಲ್ಲಿಯೂ ಚಪ್ಪಟೆ ಫಲಕದ ಬಗೆಯವುಗಳಲ್ಲಿ, ನೀರು ಸುತ್ತುವುದು ಇದೇ ತತ್ತ್ವದಿಂದ. ಫಲಕದಲ್ಲಿ ಕಾದ ನೀರು ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಕ್ಕಿಳಿಯುತ್ತದೆ. ಆದರೆ ಇಲ್ಲಿ ಎತ್ತರ ಒಂದು ಮೀಟರಿನ ಸುಮಾರು. ೪೦ ಡಿಗ್ರಿಯ ನೀರು ೬೦ ಡಿಗ್ರಿಯ ನೀರನ್ನು ತಳ್ಳುವ ಒತ್ತಡವು ಒಂದು ಸೆಂಟಿಮೀಟರಿಗಿಂತ ಕಡಿಮೆ! ಫಲಕದಿಂದ ತೊಟ್ಟಿಗೆ ಹೋಗುವ ಕೊಳವೆಯು ಒಂದು ಬೆರಳಗಲ ಜೋತುಬಿದ್ದು ಗೂನಾದರೆ ಸಾಕು, ಅಲ್ಲಿ ಗಾಳಿಯು ನಿಂತು ಹರಿವು ಕಟ್ಟುತ್ತದೆ. ಹರಿವು ನಿಂತ ಮೇಲೆ ಫಲಕದ ನೀರು ಇನ್ನಷ್ಟು ಕಾದು ಒಮ್ಮೊಮ್ಮೆ ಗಾಳಿಯನ್ನು ತಳ್ಳಿಕೊಂಡು ಹೋಗುವುದೂ ಉಂಟು. ಆದರೆ ಅದನ್ನು ನಂಬಿ ಕುಳಿತುಕೊಳ್ಳಲಾಗದು. ಒಳ್ಳೆಯ ಬಿಸಿಲಿದ್ದೂ ನಲ್ಲಿಯಲ್ಲಿ ತಣ್ಣೀರು ಬಂದಾಗ ಸೂರ್ಯನನ್ನೋ ಫಲಕವನ್ನೋ ದೂರುವ ಮುನ್ನ ಏಣಿಯಿಟ್ಟು ಹತ್ತಿ ಕೊಳವೆಯ ಇಳಿಜಾರನ್ನು ನೋಡತಕ್ಕದ್ದು. ತೊಟ್ಟಿಯ ಪಕ್ಕದಲ್ಲಿ ಆಕಾಶಕ್ಕೆ ಬಾಯಿ ತೆರೆದು ನಿಂತಿರುವ ಉದ್ದನೆಯ ಕೊಳವೆಯು ಅಲಂಕಾರಕ್ಕಾಗಿ ಇಟ್ಟದ್ದಲ್ಲವೆಂಬುದನ್ನೂ ನೆನಪಿಡಬೇಕು.

ಗಾಳಿಯ ಮೂಲದ ಪ್ರಶ್ನೆಗೆ ಈಗ ಬರೋಣ. ಮೊದಲನೆಯ ಮೂಲ ನೀರೇ. ಹಂಡೆಯ ನೀರು ಕುದಿಯುವುದಕ್ಕೆ ಬಹಳ ಮೊದಲೇ ಅದರ ಒಳಮೈಗೆ ಸಾಸಿವೆಯಂಥ ಗುಳ್ಳೆಗಳು ಅಂಟಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಅವು ಉಗಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಕರಗುವ ಅನಿಲದ ಪರಿಮಾಣವು ಅದರ ಒತ್ತಡಕ್ಕೆ ಅನುಗುಣವಾಗಿರುವುದೆಂದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯು ೧೮೦೩ರಲ್ಲಿ ತೋರಿಸಿಕೊಟ್ಟನು. ಉಷ್ಣತೆ ಏರಿದಂತೆ ಅದು ಕುಗ್ಗುತ್ತದೆಂಬುದನ್ನು ಹಂಡೆಯೇ ತೋರಿಸಿಕೊಡುತ್ತದೆ. ಒಂದು ಸಾಧಾರಣ ಮನೆಯ ಕೊಳವೆಗಳಲ್ಲಿ ೧೦೦ ಲೀಟರ್ ನೀರಿದೆಯೆಂದು ಇಟ್ಟುಕೊಂಡರೆ, ಹೊಸದಾಗಿ ತುಂಬಿದ ಆ ತಣ್ಣೀರಿನಲ್ಲಿ ಸುಮಾರು ೨ ಲೀಟರ್ ಗಾಳಿ ಕರಗಿರುತ್ತದೆ. ಅದೆಲ್ಲವೂ ಹೊರಬರುವುದಿಲ್ಲ, ಕೊಳವೆಯ ಒತ್ತಡವು ಬಹುಭಾಗವನ್ನು ಹಿಡಿದಿಟ್ಟಿರುತ್ತದೆ. ಬಾಯ್ಲರಿನ ಅತಿ ಬಿಸಿಯಾದ ಗೋಡೆಯ ಬಳಿ ಮತ್ತು ಒತ್ತಡ ಕಡಿಮೆಯಿರುವ ಮೇಲಂತಸ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಹೊಸ ನೀರು ತುಂಬಿದ ಮೇಲೆ ಒಂದೆರಡು ವಾರ ಗಾಳಿ ಬರುವುದು ಸಹಜ. ಅದಕ್ಕಾಗಿ ಯಾರೂ ಚಿಂತಿಸಬೇಕಾಗಿಲ್ಲ.

ಚಿಂತಿಸಬೇಕಾದುದು ಅನಂತರವೂ ಅದು ನಿಲ್ಲದಿದ್ದರೆ. ಆಗ ಎರಡನೆಯ ಮೂಲವನ್ನು ಸಂದೇಹಿಸಬೇಕು. ವಿಚಿತ್ರವೆಂದರೆ, ಆಗ ಹೊರಬರುತ್ತಿರುವುದು ಗಾಳಿಯೇ ಆಗಿರಬೇಕೆಂಬ ನಿಯಮವಿಲ್ಲ. ನೀರಿನಲ್ಲಿದ್ದ ಆಮ್ಲಜನಕವು ಬೇಗನೆ ರೇಡಿಯೇಟರಿನ ಉಕ್ಕನ್ನು ತುಕ್ಕು ಹಿಡಿಸಿ ತಾನು ಮುಗಿದುಹೋಗುತ್ತದೆ, ಸಾರಜನಕ ಉಳಿಯುತ್ತದೆ. ಆಮ್ಲಜನಕ ತೀರಿದ ಮೇಲೆ ತುಕ್ಕು ನಿಂತಿತೆಂದು ತಿಳಿಯುವುದು ತಪ್ಪು. ಕಬ್ಬಿಣವು ನೀರನ್ನೇ ಒಡೆದು ಅದರ ಆಮ್ಲಜನಕವನ್ನು ತೆಗೆದುಕೊಂಡು ಜಲಜನಕವನ್ನು ಬಿಟ್ಟುಕೊಡಬಲ್ಲುದು. ಮೂರು ಪರಮಾಣು ಕಬ್ಬಿಣಕ್ಕೂ ನಾಲ್ಕು ಅಣು ನೀರಿಗೂ ನಡೆಯುವ ಈ ಕ್ರಿಯೆಯ ಕೊನೆಯಲ್ಲಿ ನಾಲ್ಕು ಅಣು ಜಲಜನಕ ಹುಟ್ಟುತ್ತದೆ, ಕಬ್ಬಿಣವು ಕಪ್ಪು ಆಕ್ಸೈಡಾಗಿ ರಾಡಿಯಂತೆ ತಳದಲ್ಲಿ ಕೂರುತ್ತದೆ. ಹತ್ತು ಗ್ರಾಂ ಕಬ್ಬಿಣ ಹೀಗೆ ಕರಗಿದರೆ ಐದು ಲೀಟರಿಗೂ ಮಿಕ್ಕಿ ಜಲಜನಕ ಬರುತ್ತದೆ. ಗಾಳಿ ಬಿಟ್ಟಾಗ ಹಿಂದೆಯೇ ಬಂದ ನಾಲ್ಕು ಹನಿ ನೀರು ಕಪ್ಪಾಗಿದ್ದುದಕ್ಕೆ ಕಾರಣ ಈ ಆಕ್ಸೈಡು.

ಈ ಕಪ್ಪು ವಸ್ತು ನಮಗೆ ಅಪರಿಚಿತವಲ್ಲ. ಕುದುರೆಮುಖದಲ್ಲಿ ೨೦೦೫ರವರೆಗೆ ಅಗೆದು ತೆಗೆಯುತ್ತಿದ್ದ ಅದಿರಿನಲ್ಲಿದ್ದ ಮ್ಯಾಗ್ನಟೈಟು ಇದೇ; ಹಳಬರ ಸೂಜಿಗಲ್ಲೂ ಇದೇ. ಆದುದರಿಂದ ರೇಡಿಯೇಟರಿನಿಂದ ಬಂದ ಕಪ್ಪು ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಹೊರಗಡೆಯಿಂದ ಅಯಸ್ಕಾಂತವನ್ನು ತಾಗಿಸಿದರೆ ಕಪ್ಪು ಪುಡಿಯು ಆ ಬದಿಗೆ ಸರಿದು ಬರುವುದು. ಅನಿಲವು ಜಲಜನಕವೇ ಎಂದು ನೋಡುವುದಕ್ಕೆ ಕಡ್ಡಿ ಗೀರಿ ತಿರುಪಿನ ಬಾಯಿಗೆ ಹಿಡಿಯುವ ಕೆಲವರಿದ್ದಾರೆ. ಪ್ರಯೋಗಶಾಲೆಯಲ್ಲಿ ಒಂದು ಪ್ರನಾಳದಷ್ಟು ಜಲಜನಕಕ್ಕೆ ಉರಿ ತಾಗಿಸುವುದು ಬೇರೆ, ಪರದೆ ಹಾಸಿಗೆಗಳ ನಡುವೆ ಎಷ್ಟಿದೆಯೆಂದು ತಿಳಿಯದ ಅನಿಲಕ್ಕೆ ತಾಗಿಸುವುದು ಬೇರೆ. ಇದನ್ನು ಮಾಡತಕ್ಕದ್ದಲ್ಲ, ಗಾಳಿ ಬಿಡುವಾಗ ಹತ್ತಿರದಲ್ಲಿ ಉರಿಯಿರಲೂಬಾರದು. ಲೋಟ ಮತ್ತು ಅಯಸ್ಕಾಂತಗಳು ಹೇಳುವ ಸಾಕ್ಷ್ಯವೇ ಸಾಕು.

ಮೂರನೆಯ ಮೂಲವನ್ನು ನಾವು ಎಲ್ಲಕ್ಕಿಂತ ಗಂಭೀರವೆಂದು ಎಣಿಸುತ್ತೇವೆ. ಅದು ಹೊರಗಿನ ಗಾಳಿಯನ್ನು ಕೊಳವೆಯು ತಾನೇ ಹೀರಿಕೊಳ್ಳುವುದು. ನೀರು ಸೋರುವ ಕೊಳವೆಯನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಕೊಳವೆಯು ಒಂದು ಹನಿಯನ್ನೂ ಚೆಲ್ಲುವುದಿಲ್ಲವಾದುದರಿಂದ ಯಾರಿಗೂ ಕಾಣುವುದಿಲ್ಲ. ಮುಚ್ಚಿದ ಏರ್ಪಾಡುಗಳಲ್ಲಿ ನೀರು ತಣ್ಣಗಿರುವಾಗ ಬಾಯ್ಲರಿನ ಬಳಿಯ ಒತ್ತಡಮಾಪಕವು ೧ರಿಂದ ೧.೫ ಬಾರ್ ತೋರಿಸುತ್ತಿರಬೇಕು. ಹತ್ತು ಮೀಟರ್ ನೀರಿನ ಕಂಬವೆಂದರೆ ಸುಮಾರು ಒಂದು ಬಾರ್. ಮೇಲಂತಸ್ತಿನ ರೇಡಿಯೇಟರು ಮಾಪಕಕ್ಕಿಂತ ಐದು ಮೀಟರ್ ಮೇಲಿದ್ದರೆ ಅಲ್ಲಿಯ ಒತ್ತಡ ಅರ್ಧ ಬಾರ್ ಕಡಿಮೆ. ಮಾಪಕವು ೧ ತೋರಿಸುವಾಗ ಮೇಲೆ ೦.೫ ಉಂಟು, ಕ್ಷೇಮ. ಮಾಪಕವು ೦.೩ಕ್ಕೆ ಇಳಿದಿದ್ದರೆ? ಮೇಲಿನ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ೦.೨ ಬಾರ್ ಕೆಳಗಿಳಿದಿರುತ್ತದೆ. ಆಗ ತಿರುಪನ್ನು ಸಡಿಲಿಸಿದರೆ ಬುಸ್ಸೆನ್ನುವುದು ಹೊರಕ್ಕಲ್ಲ, ಒಳಕ್ಕೆ! ಗಾಳಿಯನ್ನು ಬಿಡುತ್ತಿದ್ದೇವೆಂದು ನಂಬಿ ಗಾಳಿಯನ್ನು ತುಂಬುವ ಈ ಪ್ರಮಾದವು ಮಾಪಕವನ್ನು ಒಮ್ಮೆ ನೋಡಿದ್ದರೆ ತಪ್ಪುತ್ತಿತ್ತು. ಪಂಪು ನಡೆಯುತ್ತಿರುವಾಗಲೂ ಅದರ ಹೀರುವ ಬದಿಯಲ್ಲಿ ಒತ್ತಡ ತಗ್ಗುವುದರಿಂದ ಇದೇ ಅಪಾಯವುಂಟು.

ಇದರ ಗಂಭೀರತೆ ಎಷ್ಟೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಒಂದು ಲೀಟರ್ ಹೊಸ ತಣ್ಣೀರಿನಲ್ಲಿ ಸುಮಾರು ೧೦ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ೧೦೦ ಲೀಟರಿಗೆ ಒಂದು ಗ್ರಾಂ. ಅದು ತಿನ್ನಬಲ್ಲ ಕಬ್ಬಿಣ ಎರಡೂವರೆ ಗ್ರಾಮಿನಷ್ಟು ಮಾತ್ರ. ಮೊದಲ ಸಲ ನೀರು ತುಂಬಿದುದರಿಂದ ರೇಡಿಯೇಟರು ತೂತಾಗುವುದಿಲ್ಲ. ಆದರೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೮೦ ಮಿಲಿಗ್ರಾಂ ಆಮ್ಲಜನಕವಿದೆ. ಹೀರಿಕೊಂಡ ಒಂದು ಲೀಟರ್ ಗಾಳಿಯು ೨೮ ಲೀಟರ್ ಹೊಸ ನೀರಿಗೆ ಸಮ. ಇದು ದಿನದಿನವೂ ನಡೆದರೆ ಉಕ್ಕಿನ ಹಾಳೆಯು ಉಳಿಯುವುದು ಹೇಗೆ?

ಒತ್ತಡವು ಮೇಲಿಂದ ಮೇಲೆ ಇಳಿಯುವುದಕ್ಕೆ ಒಂದು ಸಾಮಾನ್ಯ ಕಾರಣವನ್ನು ಹೇಳಬೇಕು. ಅದರಲ್ಲಿ ಒಂದು ವಿನೋದವಿದೆ. ಹತ್ತು ಡಿಗ್ರಿಯ ೧೦೦ ಲೀಟರ್ ನೀರು ೮೦ ಡಿಗ್ರಿಗೆ ಕಾದಾಗ ಮೂರು ಲೀಟರಿಗೆ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ಈ ಹೆಚ್ಚಿನ ನೀರಿಗೆ ಸ್ಥಳ ಕೊಡಲು ರಬ್ಬರಿನ ಪೊರೆಯ ಹಿಂದೆ ಗಾಳಿ ತುಂಬಿದ ಒಂದು ಪಾತ್ರೆಯನ್ನು ಸೇರಿಸಿರುತ್ತಾರೆ. ಇಲ್ಲಿ ಗಾಳಿ ಬೇಕು. ವರ್ಷಗಳು ಕಳೆದಂತೆ ಆ ಗಾಳಿಯು ತಪ್ಪಿಸಿಕೊಂಡಿತೆಂದರೆ, ಕಾದ ನೀರಿಗೆ ಹಿಗ್ಗಲು ಎಡೆಯಿಲ್ಲದೆ ಒತ್ತಡವು ೩ ಬಾರಿಗೆ ಏರಿ, ರಕ್ಷಣೆಯ ವಾಲ್ವು ತೆರೆದು, ನೀರು ಮನೆಯ ಹೊರಗೋಡೆಯ ಬಳಿ ಚೆಲ್ಲಿಹೋಗುತ್ತದೆ. ರಾತ್ರಿ ನೀರು ತಣಿದಾಗ ಒತ್ತಡ ಕುಸಿಯುತ್ತದೆ, ಮೇಲಂತಸ್ತಿನ ಕೊಳವೆಗಳು ಗಾಳಿಯನ್ನು ಹೀರುತ್ತವೆ. ಬೆಳಗ್ಗೆ ಮನೆಯವರು ಹೊಸ ನೀರನ್ನು ತುಂಬುತ್ತಾರೆ, ಗಾಳಿಯನ್ನು ಬಿಡುತ್ತಾರೆ. ಇರಬೇಕಾದಲ್ಲಿ ಗಾಳಿ ಇಲ್ಲದುದರಿಂದ ಇರಬಾರದಲ್ಲಿ ಗಾಳಿ ಸೇರಿತು! ವಾರಕ್ಕೆ ಮೂರು ಲೀಟರಿನಂತೆ ಹೊಸ ನೀರು ಸೇರಿಸಿದರೆ ವರ್ಷಕ್ಕೆ ೧೫೬ ಲೀಟರ್. ತುಕ್ಕನ್ನು ತಡೆಯಲೆಂದು ಮೊದಲು ಬೆರೆಸಿದ್ದ ರಾಸಾಯನಿಕವು ಅಷ್ಟರಲ್ಲಿ ಬಹುಪಾಲು ಚರಂಡಿ ಸೇರಿರುತ್ತದೆ. ಅನಂತರ ಜಲಜನಕದ ಸರದಿ.

ಹೀಗಿರಲು ಕೀಲಿಕೈಯ ಬಳಕೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಪ್ರತಿಯೊಬ್ಬರೂ ಕಲಿಯಬೇಕು. ಕಾಲು ಸುತ್ತಿನ ಕೆಲಸಕ್ಕೆ ಕೂಲಿ ಕೊಟ್ಟು ಒಬ್ಬರನ್ನು ಕರೆಯಿಸುವುದು ದುಂದು. ಕೈಯಿಂದ ಮುಟ್ಟಿ ನೋಡಿ ಮೇಲ್ಭಾಗ ತಣ್ಣಗಿದ್ದರೆ ಅನಿಲ, ತಳದ ನಡುಭಾಗ ತಣ್ಣಗಿದ್ದರೆ ರಾಡಿ ಎಂದು ತಿಳಿಯತಕ್ಕದ್ದು. ರಾಡಿಗೆ ಕೀಲಿಕೈಯಿಂದ ಪ್ರಯೋಜನವಿಲ್ಲ. ತಾಪನವನ್ನು ನಿಲ್ಲಿಸಿ ನೀರು ಆರುವವರೆಗೆ ಕಾಯಬೇಕು, ಇಲ್ಲವಾದರೆ ಚಿಮ್ಮುವ ನೀರು ಕೈಯನ್ನು ಸುಡುವುದು. ಮಾಪಕವನ್ನು ನೋಡಬೇಕು. ಕೆಳ ಅಂತಸ್ತಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು ವಾಡಿಕೆ. ತಿರುಪನ್ನು ಪೂರ್ತಿ ಕಳಚಬಾರದು. ಕಳಚಿದರೆ ಮತ್ತೆ ಹಾಕುವಷ್ಟರಲ್ಲಿ ನೆಲಹಾಸು ಕಪ್ಪಾಗಿರುತ್ತದೆ. ಕೊನೆಗೆ ಮತ್ತೊಮ್ಮೆ ಮಾಪಕವನ್ನು ನೋಡಿ ತಗ್ಗಿದ್ದರೆ ನೀರು ಸೇರಿಸಬೇಕು. ಬಾಯ್ಲರಿನ ಕವಚವನ್ನು ಬಿಚ್ಚುವ ಗೊಡವೆ ಮಾತ್ರ ಬೇಡ. ಬ್ರಿಟನ್ನಿನಲ್ಲಿ ಅನಿಲದ ಉಪಕರಣಗಳ ಕೆಲಸವನ್ನು ನೋಂದಣಿ ಪಡೆದ ತಜ್ಞರಿಗೇ ಬಿಡಬೇಕೆಂದು ಕಾನೂನಿದೆ. ೨೦೦೯ರಿಂದ ಆ ನೋಂದಣಿಗೆ ಗ್ಯಾಸ್ ಸೇಫ್ ಎಂದು ಹೆಸರು.

ನಾವು ಒತ್ತಾಯಿಸುವುದು ಇದರ ಜೊತೆಗಿರಬೇಕಾದ ಒಂದು ಪುಟ್ಟ ಪುಸ್ತಕವನ್ನು. ಯಾವ ದಿನ, ಯಾವ ಕೋಣೆಯ ರೇಡಿಯೇಟರು, ಎಷ್ಟು ಸೆಕೆಂಡು ಅನಿಲ ಹೊರಟಿತು, ಮೊದಲೂ ಆಮೇಲೂ ಮಾಪಕ ಎಷ್ಟು ತೋರಿಸಿತು, ನೀರು ತಿಳಿಯೋ ಕಪ್ಪೋ: ಇಷ್ಟನ್ನು ಬರೆದಿಟ್ಟರೆ ಒಂದು ಚಳಿಗಾಲದೊಳಗೆ ಕಾರಣವು ತಾನಾಗಿ ಹೊರಬೀಳುತ್ತದೆ. ಒತ್ತಡ ಇಳಿಯದೆ ಅನಿಲ ಮಾತ್ರ ಕೂಡುತ್ತಿದ್ದು ನೀರು ಕಪ್ಪಾಗಿದ್ದರೆ ಜಲಜನಕವನ್ನು ಸಂದೇಹಿಸಬಹುದು. ಒತ್ತಡ ಇಳಿಯುತ್ತಲೇ ಇದ್ದರೆ ಸೋರಿಕೆಯನ್ನೋ ಹಿಗ್ಗುವ ಪಾತ್ರೆಯನ್ನೋ ಪರೀಕ್ಷಿಸಬೇಕು. ದುರಸ್ತಿಗೆ ಬಂದವರ ಮುಂದೆ ಈ ಪುಸ್ತಕವನ್ನಿಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಬಾಡಿಗೆಗಿರುವವರಿಗೆ ಇದು ಇನ್ನೂ ಮುಖ್ಯ. ಮನೆಯೊಳಗಿನ ಉಷ್ಣತೆಯು ೧೮ ಡಿಗ್ರಿಗಿಂತ ಕೆಳಗಿಳಿಯದಿರುವುದು ಆರೋಗ್ಯಕ್ಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಸೂಚಿಸಿದೆ. ಮುದುಕರೂ ಕೂಸುಗಳೂ ಇರುವ ಮನೆಯಲ್ಲಿ ಅರ್ಧ ತಣ್ಣಗಿರುವ ರೇಡಿಯೇಟರು ಬರಿಯ ಅನಾನುಕೂಲವಲ್ಲ. ಗೋಡೆಗೆ ತೇವ, ತೇವಕ್ಕೆ ಬೂಷ್ಟು, ಬೂಷ್ಟಿಗೆ ಉಬ್ಬಸ ಹೀಗೆ ಅದು ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ ೧೯೮೫ರ ಬಾಡಿಗೆ ಕಾನೂನು ತಾಪನದ ಏರ್ಪಾಡನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಸಾಮಾನ್ಯವಾಗಿ ಮನೆಯೊಡೆಯರ ಮೇಲೆ ಹೊರಿಸಿದೆ. ಆದರೆ ದೂರಿಕೊಂಡಾಗ ಬರುವ ಉತ್ತರವು ಬಹುಮಟ್ಟಿಗೆ ಒಂದೇ: ಗಾಳಿ ಬಿಟ್ಟುಕೊಳ್ಳಿ. ಮೊದಲ ಸಲಕ್ಕೆ ಈ ಉತ್ತರವು ನ್ಯಾಯವಾದದ್ದು. ನಾಲ್ಕನೆಯ ಸಲಕ್ಕೂ ಅದೇ ಉತ್ತರ ಬಂದರೆ ಅದು ದುರಸ್ತಿಯನ್ನು ಬಾಡಿಗೆದಾರರ ಬೆರಳಿಗೆ ಗಂಟುಹಾಕುವ ಉಪಾಯವೆಂದೇ ನಮ್ಮ ಅಭಿಪ್ರಾಯ. ಆಗ ಮಾತಿಗಿಂತ ದಿನಾಂಕ ಸಹಿತವಾದ ಪುಸ್ತಕವು ಬಲವಾದ ಸಾಕ್ಷಿ.

ತಾವೇ ತೆರೆದು ಮುಚ್ಚಿಕೊಳ್ಳುವ ಗಾಳಿವಾಲ್ವುಗಳು ಬಂದಿರುವಾಗ ಇಷ್ಟೆಲ್ಲ ಏಕೆಂದು ವಾದಿಸುವವರಿದ್ದಾರೆ. ಅವು ಉಪಯುಕ್ತವೇ. ಆದರೆ ಅನಿಲವು ಸದ್ದಿಲ್ಲದೆ ಹೊರಟುಹೋದರೆ ಅದು ಹುಟ್ಟುತ್ತಿದೆಯೆಂಬ ಸುದ್ದಿಯೂ ಅದರೊಡನೆ ಹೊರಟುಹೋಗುತ್ತದೆ. ಒತ್ತಡ ತಗ್ಗಿದಾಗ ಅವುಗಳ ಮೂಲಕವೇ ಗಾಳಿ ಒಳಕ್ಕೆ ಬರುವುದೂ ಸಾಧ್ಯ. ಬಾಯ್ಲರುಗಳ ಬದಲು ಶಾಖಪಂಪುಗಳನ್ನು ಇಡಿಸುವ ಪ್ರಯತ್ನವೂ ಈಗ ಆ ದೇಶಗಳಲ್ಲಿ ನಡೆದಿದೆ. ಅವು ೭೦–೮೦ ಡಿಗ್ರಿಯ ನೀರಿಗೆ ಬದಲಾಗಿ ೪೫–೫೫ ಡಿಗ್ರಿಯ ನೀರಿನಿಂದ ಕೆಲಸ ಮಾಡುವಾಗ ಹೆಚ್ಚು ಮಿತವ್ಯಯಕಾರಿ. ನೀರು ಅಷ್ಟು ಬಿಸಿಯಿಲ್ಲದಾಗ ರೇಡಿಯೇಟರಿನ ಒಂದೊಂದು ಅಂಗುಲವೂ ಬೇಕಾಗುತ್ತದೆ, ಗಾಳಿಗೆ ಬಿಟ್ಟುಕೊಡಲು ಸ್ಥಳವಿರುವುದಿಲ್ಲ.

ನಮ್ಮ ತರಗತಿಗಳಲ್ಲಿ ಹೆನ್ರಿಯ ನಿಯಮಕ್ಕೆ ಸೋಡಾ ಸೀಸೆಯೂ ಸಮುದ್ರದಲ್ಲಿ ಮುಳುಗುವವರ ಉಸಿರೂ ಉದಾಹರಣೆಗಳಾಗಿ ಬರುತ್ತವೆ. ಅವುಗಳ ಪಕ್ಕದಲ್ಲಿ ಕೊಳವೆಯ ಗಾಳಿಗೂ ಒಂದು ಪುಟ ಸಲ್ಲಬೇಕೆಂದು ಅಧ್ಯಾಪಕರಲ್ಲಿ ನಮ್ಮ ಬಿನ್ನಹ. ಅದಕ್ಕೆ ಬೇಕಾದ ಉಪಕರಣವು ಮನೆ ಕಟ್ಟುವ ಸ್ಥಳದಲ್ಲೆಲ್ಲ ಇದೆ. ಗೋಡೆಯ ಎರಡು ತುದಿಗಳ ಮಟ್ಟ ನೋಡುವುದಕ್ಕೆ ಗಾರೆಕೆಲಸದವರು ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಬಳಸುತ್ತಾರೆ. ಒಳಗೆ ಒಂದು ಗುಳ್ಳೆ ಉಳಿದರೂ ಮಟ್ಟವು ಸುಳ್ಳು ಹೇಳುತ್ತದೆಂದು ಅವರು ಮೊದಲು ಬೆರಳಿನಿಂದ ತಟ್ಟಿ ತಟ್ಟಿ ಗಾಳಿಯನ್ನು ಓಡಿಸುವರು. ಅಂಥ ಕೊಳವೆಯ ಮೂರು ಮೀಟರ್ ತುಂಡನ್ನು ತಂದು, ಒಂದು ತುದಿಯನ್ನು ನೀರಿನ ಬಕೀಟಿನಲ್ಲಿಟ್ಟು, ನಡುವೆ ಎರಡು ಮೊಳೆಗಳ ಮೇಲೆ ಎರಡು ಗೂನು ಮಾಡಿ, ಇನ್ನೊಂದು ತುದಿಯನ್ನು ತೆರೆದು ಬಿಡಿ. ಕೊಳವೆಯ ತುಂಬ ನೀರಿರುವಾಗ ಬಕೀಟಿನ ನೀರಿನ ಮಟ್ಟವು ತೆರೆದ ತುದಿಗಿಂತ ಎಷ್ಟು ಮೇಲಿದ್ದರೆ ನೀರು ಹರಿಯುವುದೆಂದು ಅಳೆಯಿರಿ. ಆಮೇಲೆ ಒಂದು ಗೂನಿನಲ್ಲಿ, ಅನಂತರ ಎರಡರಲ್ಲಿಯೂ ಗಾಳಿ ಸೇರಿಸಿ ಅಳೆಯಿರಿ. ಬಣ್ಣಕ್ಕೆ ಸ್ವಲ್ಪ ಕುಂಕುಮ ಕಲಸಿದರೆ ಕೊನೆಯ ಬೆಂಚಿನವರಿಗೂ ಕಾಣುವುದು.